ಆದಿ ಯಾರದು, ವಾಸ ಎಲ್ಲಿ

ಹುಣಸೂರಿನಿಂದ ನಾಗರಹೊಳೆ ಕಡೆಗೋ ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದ ಕಡೆಗೋ ಹೋಗುವಾಗ ದಾರಿಯ ಬೋರ್ಡುಗಳನ್ನು ಓದುತ್ತ ಹೋದರೆ ಒಂದೇ ಜನಕ್ಕೆ ನಾಲ್ಕೈದು ಹೆಸರು ಸಿಗುತ್ತವೆ. ಶಾಲೆಯ ಮೇಲೆ ಬಹುಕಾಲ ‘ಗಿರಿಜನ ಆಶ್ರಮ ಶಾಲೆ’ ಎಂದಿತ್ತು. ಆಮೇಲೆ ಅಲ್ಲಿಗೆ ವಾಲ್ಮೀಕಿಯ ಹೆಸರು ಬಂತು. ಇಲಾಖೆಯ ಫಲಕದಲ್ಲಿ ‘ಪರಿಶಿಷ್ಟ ವರ್ಗ’, ಜಾತಿ ಸರ್ಟಿಫಿಕೇಟಿನಲ್ಲಿ ‘ಪರಿಶಿಷ್ಟ ಪಂಗಡ’, ಮೈಸೂರಿನ ಸಂಶೋಧನಾ ಸಂಸ್ಥೆಯ ಹೆಸರಿನಲ್ಲಿ ‘ಬುಡಕಟ್ಟು’. ಜೇನು, ನೆಲ್ಲಿಕಾಯಿ, ಪಾಚಿ ಕೊಳ್ಳುವ ಸಹಕಾರ ಸಂಘವನ್ನು ಎಲ್ಲರೂ ‘ಲ್ಯಾಂಪ್ಸ್’ ಎಂದು ಕರೆಯುತ್ತಾರೆ. ಆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ‘ಎ’ ಆದಿವಾಸಿಯದು ಎಂಬುದು ಸಂಘದ ಸದಸ್ಯರಿಗೂ ಎಷ್ಟೋ ಸಲ ನೆನಪಿರುವುದಿಲ್ಲ. ಆ ಪದ ಬಿಡಿಯಾಗಿ, ದಪ್ಪಕ್ಷರದಲ್ಲಿ ಕಾಣುವುದು ಧರಣಿಯ ಬ್ಯಾನರಿನಲ್ಲಿ. ಹಾಡಿಯೊಳಗೆ, ಪೋಡಿನೊಳಗೆ ಹೋದರೆ ಇವು ಯಾವುವೂ ಇಲ್ಲ. ನಾವು ಜೇನುಕುರುಬರು, ನಾವು ಸೋಲಿಗರು, ನಾವು ಯರವರು, ಅಷ್ಟೇ.

ಇಷ್ಟು ಹೆಸರುಗಳಲ್ಲಿ ಹೆಚ್ಚಿನವು ಯಾರ ತಂಟೆಗೂ ಹೋಗುವುದಿಲ್ಲ. ‘ಪರಿಶಿಷ್ಟ’ ಎಂದರೆ ಪಟ್ಟಿಯಲ್ಲಿದ್ದವರು. ‘ಗಿರಿಜನ’ ಎಂದರೆ ಬೆಟ್ಟದವರು. ‘ಹರಿಜನ’ಕ್ಕೆ ಪ್ರಾಸ ಕೂಡಿಸಿದಂತಿರುವ ಈ ಪದದಲ್ಲಿ ಆ ಪದದ ಅನುಕಂಪದ ದನಿಯೂ ಇದೆ. ಕರಾವಳಿಯ ಬಯಲಿನಲ್ಲಿ, ಊರಂಚಿನಲ್ಲಿ ಬುಟ್ಟಿ ಹೆಣೆಯುತ್ತ ಡೋಲು ಬಾರಿಸುತ್ತ ಬಂದ ಕೊರಗರನ್ನೂ ನಾವು ಗಿರಿಜನ ಎಂದುಬಿಟ್ಟೆವು. ಅವರ ಕಷ್ಟಕ್ಕೂ ಗಿರಿಗೂ ಸಂಬಂಧವೇ ಇರಲಿಲ್ಲ. ಅವರನ್ನು ಹೀನಾಯವಾಗಿ ನಡೆಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ರಾಜ್ಯ ಒಂದು ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ‘ಬುಡಕಟ್ಟು’ ನಮ್ಮದೇ ಗಟ್ಟಿ ಮಾತು, ಒಂದು ಬುಡಕ್ಕೆ ಕಟ್ಟಿಕೊಂಡವರು ಎನ್ನುವ ಹಾಗೆ ಕೇಳಿಸುತ್ತದೆ. ಅದೂ ಜನ ಹೇಗೆ ಕೂಡಿಕೊಂಡಿದ್ದಾರೆ ಎಂಬುದನ್ನಷ್ಟೇ ಹೇಳುತ್ತದೆ. ಕಾಲದ ಬಗ್ಗೆ ಬಾಯಿ ಬಿಡುವ ಪದ ಒಂದೇ: ಆದಿವಾಸಿ. ಮೊದಲಿನಿಂದ ಇದ್ದವರು. ಹಾಗೆಂದ ಕೂಡಲೇ ಕೇಳಿಸಿಕೊಂಡವನ ಮನಸ್ಸಿನಲ್ಲಿ ಒಂದು ಮುಳ್ಳು ಏಳುತ್ತದೆ. ಹಾಗಾದರೆ ನಾನು ಯಾರು? ಆಮೇಲೆ ಬಂದವನೇ?

ಪದದ ಸಂಸ್ಕೃತ ಮುಖ ನೋಡಿ ಇದು ಪುರಾತನವಾದದ್ದು ಎಂದುಕೊಂಡರೆ ತಪ್ಪು. ಇದು ಓಡಾಡತೊಡಗಿ ಇನ್ನೂ ನೂರು ವರ್ಷವಾಗಿರಬೇಕು, ಅಷ್ಟೆ. ಛೋಟಾನಾಗಪುರದಲ್ಲಿ, ಇಂದಿನ ಜಾರ್ಖಂಡಿನ ರಾಂಚಿಯಲ್ಲಿ, 1938ರಲ್ಲಿ ಆದಿವಾಸಿ ಮಹಾಸಭಾ ಹುಟ್ಟಿತು. ಮುಂಡಾ, ಉರಾಂವ್, ಹೋ, ಸಂತಾಲ, ಖಾರಿಯಾ: ಭಾಷೆ ಬೇರೆ, ಮದುವೆಯ ಸಂಬಂಧ ಬೇರೆ ಇದ್ದವರು ಒಂದು ವೇದಿಕೆಗೆ ಬರಬೇಕಾದರೆ ಒಂದು ಹೆಸರು ಬೇಕಿತ್ತು. ಅದುವರೆಗೆ ಇದ್ದ ಹೆಸರುಗಳನ್ನೆಲ್ಲ ಇಟ್ಟವರು ಎಣಿಸುವವರು. ಬ್ರಿಟಿಷ್ ಜನಗಣತಿ ಒಂದು ಸಲ ಕಾಡಿನ ಜನ ಎಂದಿತು, ಒಂದು ಸಲ ಭೂತ ಪೂಜಿಸುವವರು ಎಂದಿತು, 1931ರಲ್ಲಿ ಆದಿಮ ಪಂಗಡ ಎಂದಿತು. ಸಮಾಜಶಾಸ್ತ್ರಜ್ಞ ಜಿ.ಎಸ್. ಘುರ್ಯೆ 1943ರಲ್ಲಿ, ಇವರು ಬೇರೆ ಯಾರೂ ಅಲ್ಲ, ಹಿಂದುಳಿದ ಹಿಂದೂಗಳು ಎಂದು ವಾದಿಸಿದರು. ಈ ಗದ್ದಲದ ನಡುವೆ, ಎಣಿಸಿಕೊಳ್ಳುತ್ತಿದ್ದವರು ತಾವೇ ಆರಿಸಿಕೊಂಡ ಹೆಸರು ಇದು.

ಆ ಮಹಾಸಭೆಯ ಅಧ್ಯಕ್ಷರಾಗಿ 1939ರಲ್ಲಿ ಬಂದವರು ಜೈಪಾಲ್ ಸಿಂಗ್ ಮುಂಡಾ. ಆಕ್ಸ್‌ಫರ್ಡಿನಲ್ಲಿ ಓದಿದವರು, 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿಗೆ ಭಾರತದ ಹಾಕಿ ತಂಡದ ನಾಯಕರಾಗಿ ಹೋದವರು, ಆ ವರ್ಷ ಭಾರತಕ್ಕೆ ಹಾಕಿಯ ಮೊದಲ ಚಿನ್ನ ಬಂತು. 1946ರ ಡಿಸೆಂಬರ್ 19ರಂದು ಸಂವಿಧಾನ ಸಭೆಯಲ್ಲಿ ಎದ್ದು ನಿಂತ ಅವರು ತಾನೊಬ್ಬ ‘ಜಂಗ್ಲಿ’ ಎಂದು ಹೆಮ್ಮೆಯಿಂದಲೇ ಹೇಳಿಕೊಂಡರು. ನಮ್ಮ ಕಡೆ ‘ಕಾಡಿನಿಂದ ಬಂದವನ ಹಾಗೆ ಆಡ್ತಾನೆ’ ಎಂದು ಬೈಯುತ್ತೇವಲ್ಲ, ಅದೇ ಬೈಗುಳವನ್ನು ಅವರು ಎದೆಯ ಮೇಲೆ ಪದಕದ ಹಾಗೆ ಸಿಕ್ಕಿಸಿಕೊಂಡು ಮಾತಾಡಿದರು. ಸಭೆಯಲ್ಲಿ ಕುಳಿತ ಬಹುಮಂದಿ ಆಮೇಲೆ ಬಂದವರು, ಪ್ರಜಾಪ್ರಭುತ್ವವನ್ನು ನೀವು ನನ್ನ ಜನಕ್ಕೆ ಕಲಿಸಬೇಕಾಗಿಲ್ಲ, ನಿಮಗೇ ಅದನ್ನು ಅವರಿಂದ ಕಲಿಯುವುದಿದೆ ಎಂಬರ್ಥದ ಮಾತುಗಳು ಅವು. ಹಾಗೆ ಹೇಳಿದ ಮೇಲೂ ಜವಾಹರಲಾಲರ ಮಾತನ್ನು ನಂಬುತ್ತೇನೆ ಎಂದು ಹೊಸ ದೇಶದೊಳಕ್ಕೇ ನಡೆದರು. ಬಾಗಿಲು ಬಡಿದು ಹೊರಗೆ ಹೋಗುವವರ ಭಾಷೆ ಅದಾಗಿರಲಿಲ್ಲ.

ಎರಡು ವರ್ಷದ ಮೇಲೆ, 1948ರ ಡಿಸೆಂಬರಿನಲ್ಲಿ, ಪದದ ಪ್ರಶ್ನೆ ನೇರವಾಗಿಯೇ ಬಂತು. ಕರಡಿನಲ್ಲಿ ಇದ್ದದ್ದು ‘ಷೆಡ್ಯೂಲ್ಡ್ ಟ್ರೈಬ್’. ಜೈಪಾಲರಿಗೆ ಬೇಕಿದ್ದದ್ದು ಆದಿವಾಸಿ. ಹಿಂದಿ ಅನುವಾದದಲ್ಲಿ ಬಂದಿದ್ದ ‘ಬನಜಾತಿ’ಯಂತೂ ಅವರಿಗೆ ಸುತರಾಂ ಒಪ್ಪಿಗೆ ಇರಲಿಲ್ಲ. ಅಂಬೇಡ್ಕರ್ ಒಪ್ಪಲಿಲ್ಲ. ಅವರ ಕಾರಣದಲ್ಲಿ ಕಾನೂನು ಬಲ್ಲವರ ಒಣ ನಿಷ್ಠುರವಿತ್ತು: ಆದಿವಾಸಿ ಎಂಬುದು ಸಾಮಾನ್ಯ ಪದ, ಅದಕ್ಕೆ ಕಾನೂನಿನಲ್ಲಿ ನಿಶ್ಚಿತ ಅರ್ಥವಿಲ್ಲ, ‘ಅಸ್ಪೃಶ್ಯ’ ಎಂಬ ಪದದ ಹಾಗೆ ಅದರೊಳಗೆ ಯಾರು ಯಾರನ್ನು ಬೇಕಾದರೂ ಸೇರಿಸಬಹುದು. ಪಟ್ಟಿಗಾದರೆ ಹೆಸರು ಹಿಡಿದು ಎಣಿಸಿದ ಅರ್ಥವಿದೆ.

ಈ ಇಬ್ಬರಲ್ಲಿ ಯಾರು ಸರಿ ಎಂದು ಯೋಚಿಸುತ್ತ ಕುಳಿತರೆ ಬಹಳ ಹೊತ್ತು ಕುಳಿತಿರಬೇಕಾಗುತ್ತದೆ. ಅಂಬೇಡ್ಕರರ ಮಾತು ಒಬ್ಬ ವಕೀಲನ ಜಾಣ್ಮೆ ಮಾತ್ರ ಎಂದು ನನಗೆ ಅನಿಸುವುದಿಲ್ಲ. ದಾವೆ ಹೂಡಲು ಬಾರದ ಗೌರವ ಬಡವನಿಗೆ ಎಷ್ಟು ದಿನ ಬಾಳುತ್ತದೆ ಎಂಬುದನ್ನು ಅವರಷ್ಟು ಬಲ್ಲವರು ಆ ಸಭೆಯಲ್ಲಿ ಇನ್ನೊಬ್ಬರಿರಲಿಲ್ಲ. ತಹಶೀಲ್ದಾರನ ಮುಂದೆ ಹೋಗಿ ‘ನಾನು ಆದಿಯಿಂದ ಇದ್ದವನು’ ಎಂದರೆ ಅವನು ಯಾವ ವಹಿಯಲ್ಲಿ ನೋಡಬೇಕು? ‘ಪಟ್ಟಿಯಲ್ಲಿ ಇಂಥ ನಂಬರಿನ ಹೆಸರು ನನ್ನದು’ ಎಂದರೆ ಅವನು ನೋಡಲೇಬೇಕು. ಜೈಪಾಲರೂ ಇದನ್ನು ಅರಿಯದವರಲ್ಲ. ಆದರೆ ಪಟ್ಟಿಯಲ್ಲಿ ಸೇರಿಸುವವನ ಕೈಯಲ್ಲೇ ತೆಗೆಯುವ ಅಧಿಕಾರವೂ ಇರುತ್ತದೆ; ಪಟ್ಟಿಯ ಹೆಸರು ಕೊಟ್ಟದ್ದು, ಆದಿವಾಸಿ ಎಂಬುದು ಇಟ್ಟುಕೊಂಡದ್ದು. ಕೊಟ್ಟ ಹೆಸರಿನೊಳಗೆ ಬಾಳುವವನಿಗೆ ಇಟ್ಟುಕೊಂಡ ಹೆಸರು ಯಾಕೆ ಬೇಕಾಗುತ್ತದೆ ಎಂಬುದು ಮುಂದಿನ ಎಪ್ಪತ್ತು ವರ್ಷದಲ್ಲಿ ಗೊತ್ತಾಗುತ್ತ ಹೋಯಿತು.

ಕರ್ನಾಟಕದಲ್ಲೇ ನೋಡಿ. ಬೆಟ್ಟಕುರುಬರು ಎಂಬ ಜನ ಬಂಡೀಪುರ, ನಾಗರಹೊಳೆಯ ಆಸುಪಾಸಿನವರು, ಬಿದಿರಿನ ಕೆಲಸದಲ್ಲಿ ನುರಿತವರು. ಪಟ್ಟಿಯಲ್ಲಿ ಇದ್ದದ್ದು ‘ಕಾಡುಕುರುಬ’. ಕಾಡೂ ಬೆಟ್ಟವೂ ಒಂದೇ ಎಂದು ಅಲ್ಲಿ ಹುಟ್ಟಿದ ಮಗುವಿಗೂ ಗೊತ್ತು, ಕಚೇರಿಗೆ ಗೊತ್ತಿರಲಿಲ್ಲ. ಹೆಸರು ಸರಿಯಾಗಿ ಹೊಂದದ್ದರಿಂದ ಸರ್ಟಿಫಿಕೇಟಿಗೆ ತೊಡಕು, ಸರ್ಟಿಫಿಕೇಟಿಲ್ಲದೆ ಹಾಸ್ಟೆಲ್ಲು, ವಿದ್ಯಾರ್ಥಿವೇತನ, ಕೆಲಸ ಎಲ್ಲಕ್ಕೂ ತೊಡಕು. 2022ರ ಡಿಸೆಂಬರಿನಲ್ಲಿ ಸಂಸತ್ತಿನ ಎರಡೂ ಸದನಗಳು ಸೇರಿ ‘ಕಾಡುಕುರುಬ’ದ ಮುಂದೆ ಪರ್ಯಾಯ ಹೆಸರಾಗಿ ‘ಬೆಟ್ಟಕುರುಬ’ ಎಂದು ಸೇರಿಸಿದವು. ಒಂದು ಪದದ ಬದಲು ಇನ್ನೊಂದು ಪದ ಹೇಳುತ್ತಿದ್ದ ತಪ್ಪಿಗೆ ಕೆಲವು ಸಾವಿರ ಜನ ಎಪ್ಪತ್ತು ವರ್ಷ ಕಾದರು. ಅದನ್ನು ಸರಿಪಡಿಸಲು ದೆಹಲಿಯೇ ಬೇಕಾಯಿತು, ಏಕೆಂದರೆ ರಾಷ್ಟ್ರಪತಿಯವರ ಆದೇಶದಲ್ಲಿ ಸೇರಿದ ಪಟ್ಟಿಯನ್ನು ತಿದ್ದುವ ಅಧಿಕಾರ ಸಂಸತ್ತಿಗೆ ಮಾತ್ರ.

ಪಟ್ಟಿ ಹಿಗ್ಗಿದ ಕಥೆಯೂ ಇದೆ. 1971ರ ಜನಗಣತಿಯಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡಗಳ ಜನಸಂಖ್ಯೆ ಸುಮಾರು 2.31 ಲಕ್ಷ. ಹತ್ತೇ ವರ್ಷದಲ್ಲಿ ಅದು 18.25 ಲಕ್ಷವಾಯಿತು. ಇಂಥ ಜಿಲ್ಲೆಯಲ್ಲಿದ್ದರೆ ಮಾತ್ರ ಇಂಥ ಪಂಗಡ ಎಂಬ ಮಿತಿಯನ್ನು 1976ರ ಕಾಯ್ದೆ ಬಹುಮಟ್ಟಿಗೆ ತೆಗೆದುಹಾಕಿದ್ದೇ ಇದಕ್ಕೆ ಕಾರಣ. ಹೆಸರು ಹೋಲುವವರಿಗೂ ದಾರಿ ತೆರೆಯಿತು. 1991ರಲ್ಲಿ ನಾಯಕ, ಬೇಡ, ವಾಲ್ಮೀಕಿ ಎಂಬ ಹೆಸರುಗಳು ಪಟ್ಟಿಗೆ ಬಂದವು. 2011ರ ಹೊತ್ತಿಗೆ ಸಂಖ್ಯೆ 42 ಲಕ್ಷ ದಾಟಿ, ರಾಜ್ಯದ ಜನಸಂಖ್ಯೆಯ ಶೇ 7ರ ಹತ್ತಿರ ಬಂದಿತ್ತು. ನಾಯಕರ ಹಕ್ಕನ್ನು ನಾನು ಪ್ರಶ್ನಿಸುತ್ತಿಲ್ಲ. ಚಿತ್ರದುರ್ಗ, ಸುರಪುರದ ಪಾಳೆಯಗಾರರ ವೈಭವ ನೆನೆದು ಇವತ್ತಿನ ಬೇಡರ ಕೇರಿಯ ಬಡತನವನ್ನು ಅಳೆಯಲಾಗದು. ಆದರೆ ಒಂದು ಪರಿಣಾಮವಂತೂ ಆಯಿತು. ಪರಿಶಿಷ್ಟ ಪಂಗಡ ಎಂದ ಕೂಡಲೇ ಕಣ್ಣಮುಂದೆ ಬರುವವರೇ ಬೇರೆಯಾದರು. ಕಾಡಿನವರು ಆ ದೊಡ್ಡ ಅಂಕಿಯೊಳಗೆ ಸಣ್ಣವರಾಗಿ ಕಾಣದಾದರು. ಆಗ ಅವರಿಗೆ ಬೇರೊಂದು ಹೆಸರು ಬೇಕಾಯಿತು, ‘ಆದಿವಾಸಿ’ ಒದಗಿತು. ಅದೂ ಸಾಲದೆ ಈಗ ‘ಮೂಲ ಆದಿವಾಸಿ’ ಎನ್ನುತ್ತಾರೆ. ಆದಿಗೂ ಒಂದು ಮೂಲ ಬೇಕಾಯಿತು ನೋಡಿ.

ಹಾಗೆ ನೋಡಿದರೆ ‘ಆದಿ’ಯ ರಾಜಕೀಯ ಕನ್ನಡಕ್ಕೆ ಹೊಸದಲ್ಲ. ರಾಂಚಿಯ ಸಭೆಗೆ ಮುಂಚೆಯೇ ಮೈಸೂರು ಸಂಸ್ಥಾನದಲ್ಲಿ ಹೊಲೆಯ, ಮಾದಿಗ ಎಂಬ ಹೆಸರುಗಳ ಅವಮಾನದಿಂದ ಪಾರಾಗಲು ‘ಆದಿ ಕರ್ನಾಟಕ’ ಎಂಬ ಹೆಸರು ಬಂದಿತ್ತು. ಮದ್ರಾಸಿನ ಕಡೆ ಆದಿ ದ್ರಾವಿಡ, ತೆಲುಗಿನಲ್ಲಿ ಆದಿ ಆಂಧ್ರ. ಇಪ್ಪತ್ತರ ದಶಕದ ದಕ್ಷಿಣ ಭಾರತದಲ್ಲಿ ‘ಆದಿ’ ಎಂದರೆ ಒಂದು ಪ್ರತಿಜ್ಞೆ: ನಮ್ಮನ್ನು ಊರ ಹೊರಗಿಟ್ಟಿರಿ, ಊರೇ ನಮ್ಮದಾಗಿತ್ತು. ಆ ಹೆಸರು ಇಂದು ಎಲ್ಲಿಗೆ ಬಂದಿದೆ? ‘ಎಕೆ’, ‘ಎಡಿ’ ಎಂಬ ಎರಡಕ್ಷರಕ್ಕೆ. 2025ರಲ್ಲಿ ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ಸಮೀಕ್ಷೆ ಮಾಡಿದಾಗ ಎದುರಾದ ದೊಡ್ಡ ಗೋಜಲೇ ಇದು. ಆದಿ ಕರ್ನಾಟಕ ಎಂದು ಬರೆಸಿದವರು ಎಡಗೈಯೋ ಬಲಗೈಯೋ ಎಂದು ಆ ಹೆಸರಿನಿಂದ ತಿಳಿಯುವುದಿಲ್ಲ. ಜಾತಿಯನ್ನು ಅಳಿಸಲೆಂದು ಬಂದ ಹೆಸರು ಆ ಕೆಲಸವನ್ನು ಕಾಗದದ ಮೇಲೆ ಮಾತ್ರ ಚೆನ್ನಾಗಿ ಮಾಡಿತ್ತು.

ಇನ್ನು ‘ಆದಿ’ಯನ್ನು ಅಕ್ಷರಶಃ ಹಿಡಿದು ಹೊರಟರೆ ಏನಾಗುತ್ತದೆ? ಯಲ್ಲಾಪುರ, ಹಳಿಯಾಳದ ಕಾಡಿನಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದು, ಗೋವೆಯಿಂದ ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟ ಹತ್ತಿದವರ ಸಂತತಿ ಎಂಬುದು ಅವರ ಬಗ್ಗೆ ಸಾಮಾನ್ಯವಾಗಿ ಹೇಳುವ ಚರಿತ್ರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು, 2020ರಲ್ಲಿ ಬೆಳಗಾವಿ, ಧಾರವಾಡದವರೂ. ಹುಣಸೂರಿನ ಹತ್ತಿರದ ಪಕ್ಷಿರಾಜಪುರದಲ್ಲಿ ಹಕ್ಕಿಪಿಕ್ಕಿಗಳಿದ್ದಾರೆ. ಅವರು ಮನೆಯಲ್ಲಿ ಆಡುವ ವಾಗ್ರಿ ಗುಜರಾತಿಗೆ ಹತ್ತಿರದ ನುಡಿ. 1972ರ ವನ್ಯಜೀವಿ ಕಾಯ್ದೆ ಬಂದು ಬೇಟೆ ನಿಂತ ಮೇಲೆ ಪ್ಲಾಸ್ಟಿಕ್ ಹೂ, ಎಣ್ಣೆ, ಗಿಡಮೂಲಿಕೆ ಮಾರುತ್ತ ದೇಶ ದಾಟಿದರು. 2023ರಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿದಾಗ ಅಲ್ಲಿ ಸಿಕ್ಕಿಬಿದ್ದ ಭಾರತೀಯರಲ್ಲಿ ಇವರೂ ಇದ್ದರೆಂದು ತಿಳಿದು ಬೆಂಗಳೂರು ಬೆರಗಾಯಿತು. ಆಫ್ರಿಕಾದಿಂದ ಬಂದವರೂ, ಆಫ್ರಿಕಾಕ್ಕೆ ಹೋಗಿ ಬರುವವರೂ ನಮ್ಮ ಆದಿವಾಸಿಗಳ ಸಾಲಿನಲ್ಲಿದ್ದಾರೆ. ಮೊದಲು ಬಂದವರು ಎಂಬ ಅರ್ಥದಲ್ಲಿ ಇದು ನಿಲ್ಲದ ಮಾತು. ಆದರೂ ಆದಿವಾಸಿ ಸಭೆಯಲ್ಲಿ ಸಿದ್ದಿಯೊಬ್ಬ ಎದ್ದು ಮಾತಾಡಿದರೆ ಜೇನುಕುರುಬನಿಗೆ ಅದರಲ್ಲಿ ಏನೂ ವಿಚಿತ್ರ ಕಾಣುವುದಿಲ್ಲ. ಕಾಡಿನ ಅಂಚಿನ ಬದುಕು, ಅರಣ್ಯ ಇಲಾಖೆಯ ಭಯ, ಸಾಹುಕಾರನ ತೋಟ, ಊರವರ ಕಣ್ಣೋಟ ಇಬ್ಬರಿಗೂ ಒಂದೇ.

ಅಸ್ಸಾಮಿನಲ್ಲಿ ಇದು ಇನ್ನೂ ತಲೆಕೆಳಗು. ಅಲ್ಲಿ ಬೋಡೊ, ಮಿಶಿಂಗ್ ಮುಂತಾದವರು ಪಟ್ಟಿಯಲ್ಲಿರುವ ಬುಡಕಟ್ಟುಗಳು. ಅವರನ್ನು ಯಾರೂ ಸಾಮಾನ್ಯವಾಗಿ ಆದಿವಾಸಿ ಎನ್ನುವುದಿಲ್ಲ. ಆದಿವಾಸಿ ಎಂದರೆ ಅಲ್ಲಿ ಚಹಾ ತೋಟದವರು: ಬ್ರಿಟಿಷರು ಛೋಟಾನಾಗಪುರದಿಂದ, ಸುತ್ತಲಿನ ಬೆಟ್ಟಗಳಿಂದ ಹಡಗು, ರೈಲು ಹತ್ತಿಸಿ ತಂದ ಮುಂಡಾ, ಸಂತಾಲ, ಉರಾಂವ್ ಕೂಲಿಗಳ ಮಕ್ಕಳು, ಮೊಮ್ಮಕ್ಕಳು. ಜಾರ್ಖಂಡಿನಲ್ಲಿ ಪರಿಶಿಷ್ಟ ಪಂಗಡವಾದ ಮುಂಡಾ ಅಸ್ಸಾಮಿನಲ್ಲಿ ಅಲ್ಲ. ದಶಕಗಳಿಂದ ಅವರು ಅದಕ್ಕಾಗಿ ಕೇಳುತ್ತಲೇ ಇದ್ದಾರೆ. ಆ ನೆಲಕ್ಕೆ ಹೊರಗಿನವರಾಗಿ ಬಂದವರೇ ಆ ನೆಲದಲ್ಲಿ ‘ಮೊದಲ ನಿವಾಸಿ’ ಎಂಬ ಹೆಸರನ್ನು ಹೊತ್ತಿದ್ದಾರೆ. ಹೆಸರಿನ ಅರ್ಥವನ್ನು ನಿಘಂಟಿನಲ್ಲಿ ಹುಡುಕುವವನಿಗೆ ಇದು ಹಾಸ್ಯ. ತೋಟದ ಲೈನಿನಲ್ಲಿ ಹುಟ್ಟಿದವಳಿಗೆ ಅದು ಊರಿನಿಂದ ಜೊತೆಗೆ ತಂದ ಏಕೈಕ ಆಸ್ತಿ.

ಸರ್ಕಾರ ಈ ‘ಆದಿ’ಯನ್ನು ಎದುರಿಸುವ ರೀತಿ ಬೇರೆ. 2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆ ಮೂಲನಿವಾಸಿ ಜನರ ಹಕ್ಕುಗಳ ಘೋಷಣೆಯನ್ನು ಮತಕ್ಕೆ ಹಾಕಿದಾಗ 144 ದೇಶಗಳು ಪರವಾಗಿದ್ದವು, ನಾಲ್ಕು ವಿರೋಧಿಸಿದವು. ಆ ನಾಲ್ಕು ಯಾವುವೆಂದರೆ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಹೆಸರು ಕೇಳಿದರೇ ಕಾರಣ ಗೊತ್ತಾಗುತ್ತದೆ. ಭಾರತ ಪರವಾಗಿ ಮತ ಹಾಕಿತು. ಆದರೆ ನಮ್ಮ ನಿಲುವು ಮೊದಲಿನಿಂದ ಒಂದೇ: ಸ್ವಾತಂತ್ರ್ಯ ಬಂದ ಮೇಲೆ ಭಾರತದವರೆಲ್ಲರೂ ಇಲ್ಲಿನ ಮೂಲನಿವಾಸಿಗಳೇ. ಎಲ್ಲರಿಗೂ ಹಂಚಿಬಿಟ್ಟರೆ ಯಾರ ಕೈಗೂ ಏನೂ ಸಿಗುವುದಿಲ್ಲ ಎಂಬ ಉಪಾಯ ಇದರಲ್ಲಿದೆ ಎಂದು ದೂರುವವರಿದ್ದಾರೆ. ದೂರು ಸುಳ್ಳಲ್ಲ, ಆದರೆ ನಿಲುವಿನಲ್ಲೂ ಒಂದು ಸತ್ಯವಿದೆ. ಹಡಗಿನಲ್ಲಿ ಬಂದಿಳಿದ ದಿನಾಂಕ ದಾಖಲಾಗಿರುವ ದೇಶಗಳಲ್ಲಿ ಮೊದಲು ಯಾರು ಎಂಬ ಪ್ರಶ್ನೆಗೆ ಉತ್ತರವಿದೆ. ಇಲ್ಲಿ ಸಾವಿರಾರು ವರ್ಷ ಜನ ಬರುತ್ತ, ಬೆರೆಯುತ್ತ ಬಂದಿದ್ದಾರೆ. ವಂಶವಾಹಿ ಪರೀಕ್ಷೆ ಮಾಡಿದವರು ಹೇಳುವುದೂ ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲರೂ ಬೆರಕೆ ಎಂದೇ. ಸುಪ್ರೀಂ ಕೋರ್ಟ್ ಮಾತ್ರ 2011ರ ಜನವರಿಯ ಒಂದು ತೀರ್ಪಿನಲ್ಲಿ ಬೇರೆ ದನಿ ಎತ್ತಿತು. ಮಹಾರಾಷ್ಟ್ರದಲ್ಲಿ ಭಿಲ್ ಮಹಿಳೆಯೊಬ್ಬರನ್ನು ಬೆತ್ತಲೆ ಮೆರವಣಿಗೆ ಮಾಡಿದ ಪ್ರಕರಣ ಅದು. ಇಂದಿನ ಶೇ 8ರಷ್ಟು ಆದಿವಾಸಿಗಳು ಇಲ್ಲಿನ ಮೂಲ ನಿವಾಸಿಗಳ ಸಂತತಿ, ಉಳಿದ ಶೇ 92 ಹೊರಗಿನಿಂದ ಬಂದವರ ಸಂತತಿ ಎಂದು ಪೀಠ ಬರೆಯಿತು. ಆ ಹೆಂಗಸಿಗೆ ಆದ ಅನ್ಯಾಯ ಅನ್ಯಾಯವಾಗಲು ಈ ಲೆಕ್ಕ ಬೇಕಿತ್ತೇ? ಅವರ ಪೂರ್ವಿಕರು ನಿನ್ನೆ ಬಂದವರಾಗಿದ್ದರೂ ಆ ಬೀದಿಯಲ್ಲಿ ನಡೆದದ್ದು ಅದೇ ಅಲ್ಲವೇ?

‘ಆದಿ’ಯೇ ಬೇಡ ಎನ್ನುವವರು ‘ವನವಾಸಿ’ ಎಂದು ತಿದ್ದಿದರು. 1952ರಲ್ಲಿ ಇಂದಿನ ಛತ್ತೀಸಗಢದ ಜಶಪುರದಲ್ಲಿ ಶುರುವಾದ ವನವಾಸಿ ಕಲ್ಯಾಣ ಆಶ್ರಮದಿಂದ ಆ ಹೆಸರು ಹರಡಿತು. ಅವರ ವಾದ, ಎಲ್ಲರೂ ಇಲ್ಲಿಯವರೇ ಆಗಿರುವಾಗ ಕೆಲವರು ಮಾತ್ರ ಆದಿ ಏಕೆ ಎಂಬುದು. ಆದರೆ ಕನ್ನಡ ಕಿವಿಗೆ ‘ವನವಾಸ’ ಎಂದರೆ ಏನು? ರಾಮ ಹೋದದ್ದು, ಪಾಂಡವರು ಹೋದದ್ದು. ಅವಧಿ ಮುಗಿಸಿ ಊರಿಗೆ ಮರಳುವುದು. ಕಷ್ಟಪಟ್ಟ ಸೊಸೆಯ ಬಗ್ಗೆ ‘ಅವಳದು ವನವಾಸವೇ ಆಯ್ತು’ ಎನ್ನುತ್ತೇವೆ. ಕಾಡೇ ಮನೆಯಾದವನ ಮೇಲೆ, ಮನೆಯಿಂದ ಹೊರಬಿದ್ದವನ ಹೆಸರನ್ನು ಹೊದಿಸಿದ ಹಾಗಾಯಿತು. ಈ ತಿಕ್ಕಾಟ ಈಗ ಪಂಚಾಂಗಕ್ಕೂ ಹತ್ತಿದೆ: ವಿಶ್ವಸಂಸ್ಥೆಯ ಲೆಕ್ಕದ ಆಗಸ್ಟ್ 9 ಆದಿವಾಸಿ ದಿನ, 2021ರಿಂದ ಬಿರ್ಸಾ ಮುಂಡಾ ಹುಟ್ಟಿದ ನವೆಂಬರ್ 15 ಜನಜಾತೀಯ ಗೌರವ ದಿವಸ.

ಕೊಡಗಿನಲ್ಲಿ ಪ್ರಶ್ನೆ ಇನ್ನೊಂದು ಬಗೆಯಲ್ಲಿ ಕುತ್ತಿಗೆ ಹಿಡಿಯುತ್ತದೆ. ಅಲ್ಲಿ ಕೊಡವರ ಒಂದು ಸಂಘಟನೆ ತಾವು ‘ಆದಿಮಸಂಜಾತ’ರು, ಆ ನೆಲದ ಮೂಲ ಜನ, ತಮಗೂ ಬುಡಕಟ್ಟಿನ ಸ್ಥಾನ ಬೇಕು ಎನ್ನುತ್ತದೆ. ನಾಡು, ಊರು, ಐನ್‌ಮನೆ, ಕಾರಣವರ ಪೂಜೆ ಇಷ್ಟು ಗಾಢವಾಗಿರುವ ಜನಕ್ಕೆ ಆ ನೆಲದ ಮೂಲದವರೆಂಬ ಭಾವನೆ ಇರುವುದು ಸಹಜ. ಅದೇ ಕೊಡಗಿನ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ ಯರವರೂ ಪಣಿಯರೂ ಇದ್ದಾರೆ, ಇನ್ನೊಬ್ಬರ ಜಾಗದಲ್ಲಿ, ಇನ್ನೊಬ್ಬರ ಮರ್ಜಿಯಲ್ಲಿ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಅಂಥ ನೂರಾರು ಕುಟುಂಬಗಳ ಗುಡಿಸಲುಗಳನ್ನು ಅರಣ್ಯ ಜಾಗವೆಂದು ಕೆಡವಿದಾಗ ಇಡೀ ರಾಜ್ಯ ಆ ಕಡೆ ತಿರುಗಿ ನೋಡಿತು. ಇಬ್ಬರಲ್ಲಿ ಮೊದಲು ಬಂದವರು ಯಾರು? ನನಗೆ ಆ ಪ್ರಶ್ನೆಯಲ್ಲಿ ಆಸಕ್ತಿ ಹುಟ್ಟುವುದಿಲ್ಲ. ಆ ರಾತ್ರಿ ಯಾರಿಗೆ ಬಾಗಿಲಿತ್ತು ಎಂಬುದು ಗೊತ್ತಿದೆ.

ಮೊದಲು ಯಾರು ಎಂಬುದನ್ನು ಸೋಲಿಗರು ತಮ್ಮದೇ ರೀತಿಯಲ್ಲಿ ಬಗೆಹರಿಸಿಕೊಂಡಿದ್ದಾರೆ. ಬಿಳಿಗಿರಿರಂಗ ಅವರ ಹಾಡು, ಕಥೆಗಳಲ್ಲಿ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೋಹಿಸಿ ಮದುವೆಯಾದವನು. ಹಾಗಾಗಿ ಅವನು ಅವರಿಗೆ ಭಾವ. ರಥೋತ್ಸವಕ್ಕೆ ಬಯಲಿನಿಂದ ಬಂದವರು ಸ್ವಾಮಿ, ತಂದೆ ಎಂದು ಕೈಮುಗಿಯುವ ದೇವರನ್ನು ಸೋಲಿಗ ‘ರಂಗಭಾವ’ ಎಂದು ಸಲುಗೆಯಿಂದ ಕರೆಯುತ್ತಾನೆ. ಮನೆಗೆ ಬಂದ ಅಳಿಯನ ಮೇಲೆ ಹೆಣ್ಣಿನ ಕಡೆಯವರಿಗಿರುವ ಸಲುಗೆ ಅದು. ಬೆಟ್ಟ ಯಾರದು ಎಂಬುದು ಆ ಸಂಬಂಧದೊಳಗೇ ಇದೆ, ಯಾರೂ ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಬಂದವನನ್ನು ಹೊರಗಿನವನು ಎಂದು ದೂಡದೆ ನಂಟಸ್ತಿಕೆಯಲ್ಲಿ ಕಟ್ಟಿಹಾಕಿದರು. 1974ರಲ್ಲಿ ಆ ಬೆಟ್ಟಕ್ಕೆ ವನ್ಯಜೀವಿಧಾಮ ಬಂತು. ಅದು ಯಾರ ಮನೆಯ ಹೆಣ್ಣನ್ನೂ ಕೇಳಿ ಬಂದದ್ದಲ್ಲ, ಅದಕ್ಕೆ ಭಾವ ಎನ್ನಲೂ ಆಗಲಿಲ್ಲ.

ಜಗಳವೆಲ್ಲ ಪದದ ಮೊದಲರ್ಧದ ಮೇಲೆ ನಡೆಯುತ್ತಿದೆ, ಕಳೆದುಹೋಗುತ್ತಿರುವುದು ಎರಡನೆಯ ಅರ್ಧ ಎಂದು ನನಗೆ ಅನಿಸಿದ್ದು ಇಲ್ಲಿ. ‘ಆದಿ’ಯನ್ನು ಯಾರೂ ಕಿತ್ತುಕೊಳ್ಳಲಾರರು, ಕಿತ್ತುಕೊಂಡರೂ ಅನ್ನಕ್ಕೆ ತೊಂದರೆಯಿಲ್ಲ. ‘ವಾಸ’ವನ್ನು ಕಿತ್ತುಕೊಳ್ಳುತ್ತಾರೆ, ದಿನಾಂಕ ಹಾಕಿ, ಲಾರಿ ತಂದು. 1973ರಲ್ಲಿ ಬಂಡೀಪುರದಲ್ಲಿ ಹುಲಿ ಯೋಜನೆ. ಆಮೇಲೆ ಕಬಿನಿ ಅಣೆಕಟ್ಟು, ಮುಳುಗಿದ ಕಾಕನಕೋಟೆಯ ಕಾಡು. ಎಂಬತ್ತರ ದಶಕದಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿಂದ ಹೊರಬಂದವರಿಗೆ ಹುಣಸೂರಿನ ಹತ್ತಿರ ನಾಗಾಪುರದಂಥ ಪುನರ್ವಸತಿ ಕೇಂದ್ರಗಳು. ಮೈಸೂರು ದಸರೆಯಲ್ಲಿ ಅಂಬಾರಿ ಹೊರುವ ಆನೆಗಳನ್ನು ಕಾಡಿನಿಂದ ಕರೆತರುವ ಮಾವುತ, ಕಾವಾಡಿಗಳಲ್ಲಿ ಅನೇಕರು ಜೇನುಕುರುಬರೇ. ನಗರ ಪ್ರತಿವರ್ಷ ಆನೆಗಳ ಹೆಸರನ್ನು ಬಾಯಿಪಾಠ ಮಾಡುತ್ತದೆ, ಮಾವುತರ ಹೆಸರು ಯಾರಿಗೂ ನೆನಪಿರುವುದಿಲ್ಲ.

ನಮ್ಮ ನಾಡಿನಲ್ಲಿ ‘ಆದಿವಾಸಿ’ಗೆ ವಿರುದ್ಧ ಪದ ‘ಆಮೇಲೆ ಬಂದವನು’ ಅಲ್ಲವೇ ಅಲ್ಲ. ಅದು ‘ಒತ್ತುವರಿದಾರ’. ನಕ್ಷೆ ಬರೆಯುವ ಮೊದಲು ಅಲ್ಲಿದ್ದವನನ್ನು, ನಕ್ಷೆ ಬರೆದಾದ ಮೇಲೆ ನಕ್ಷೆಯೊಳಗೆ ನುಗ್ಗಿದವನು ಎಂದು ಹೇಳುವ ಪದ. 2006ರ ಅರಣ್ಯ ಹಕ್ಕು ಕಾಯ್ದೆ ಈ ತಿರುವುಮುರುವನ್ನು ಚಾರಿತ್ರಿಕ ಅನ್ಯಾಯ ಎಂದು ತಾನೇ ಒಪ್ಪಿಕೊಂಡು ಶುರುವಾಗುತ್ತದೆ. ಅದರೊಳಗೂ ಪದದ ತಕ್ಕಡಿ ಇದೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಆ ಕಾಡಿನಲ್ಲಿ ಇದ್ದರೆ ಸಾಕು; ‘ಇತರ ಪಾರಂಪರಿಕ ಅರಣ್ಯವಾಸಿ’ಗಳು ಅದಕ್ಕೂ ಹಿಂದಿನ ಮೂರು ತಲೆಮಾರಿನ, ಅಂದರೆ 75 ವರ್ಷದ, ವಾಸವನ್ನು ತೋರಿಸಬೇಕು. ಮಲೆನಾಡಿನ ಎಷ್ಟೋ ಬಡ ರೈತರ ಅರ್ಜಿಗಳು ಆ 75ರ ಮುಂದೆ ಮುಗ್ಗರಿಸಿವೆ. 2019ರ ಫೆಬ್ರುವರಿ 13ರಂದು ಅರ್ಜಿ ತಿರಸ್ಕೃತರಾದವರನ್ನು ಒಕ್ಕಲೆಬ್ಬಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿ, ದೇಶವೆಲ್ಲ ಗಾಬರಿಯಾದ ಮೇಲೆ ಅದೇ ತಿಂಗಳ 28ರಂದು ತನ್ನ ಆದೇಶವನ್ನು ತಡೆಹಿಡಿಯಿತು. ಇನ್ನು ಐದನೆಯ ಅನುಸೂಚಿಯ ಪ್ರದೇಶ ಕರ್ನಾಟಕದಲ್ಲಿ ಒಂದೂ ಇಲ್ಲ. ಆದ್ದರಿಂದ ಆದಿವಾಸಿ ಗ್ರಾಮಸಭೆಗೆ ಬಲ ಕೊಡುವ 1996ರ ‘ಪೆಸಾ’ ಕಾಯ್ದೆಯೂ ಇಲ್ಲಿಗಿಲ್ಲ. ಜನ ಪಟ್ಟಿಯಲ್ಲಿದ್ದಾರೆ, ಅವರ ನೆಲ ಯಾವ ಪಟ್ಟಿಯಲ್ಲೂ ಇಲ್ಲ.

2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲಿನಲ್ಲಿ ಕೆಲವು ಜೇನುಕುರುಬ ಕುಟುಂಬಗಳು, ಹಿಂದೆ ತಮ್ಮನ್ನು ಎಬ್ಬಿಸಿದ ಜಾಗವೆಂದು ಹೇಳುತ್ತ, ಕಾಡಿನೊಳಗೆ ಮರಳಿ ಹೋಗಿ ಗುಡಿಸಲು ಹಾಕಿಕೊಂಡರು. ಅವರು ಹೇಳಿದ್ದು ತೀರ ಸರಳ: ಇಲ್ಲಿ ನಮ್ಮ ಹಿರಿಯರು ಇದ್ದರು, ನಮ್ಮ ದೇವರು ಇನ್ನೂ ಇಲ್ಲೇ ಇದ್ದಾರೆ. ಸಾವಿರ ವರ್ಷ, ಐದು ಸಾವಿರ ವರ್ಷ ಎಂಬ ಮಾತು ಅಲ್ಲಿ ದೊಡ್ಡದಾಗಿ ಬರಲಿಲ್ಲ. ಅಜ್ಜನ ಕಾಲ ಸಾಕಾಗಿತ್ತು.

ಅರಣ್ಯ ಹಕ್ಕು ಕಾಯ್ದೆಯ 2008ರ ನಿಯಮಗಳು ಸಾಕ್ಷ್ಯ ಏನೇನಾಗಬಹುದು ಎಂದು ಹೇಳುವಾಗ ಕಾಗದಪತ್ರಗಳ ಜೊತೆಗೆ ಊರಿನ ಹಿರಿಯರ ಬರಹಕ್ಕಿಳಿಸಿದ ಹೇಳಿಕೆಯನ್ನೂ, ಸ್ಮಶಾನವನ್ನೂ, ಪೂಜಾಸ್ಥಳಗಳನ್ನೂ ಸೇರಿಸಿವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದನ್ನೇ ಹಿಡಿದುಕೊಂಡರು. ಸಂಶೋಧಕರ ಜೊತೆ ಕಾಡು ಸುತ್ತಿ, ಪ್ರತಿ ಕುಲದ ‘ಯೆಲ್ಲೆ’ಯನ್ನು ಗುರುತಿಸಿ, ಅದರೊಳಗಿನ ದೇವರು, ಮಾರಮ್ಮ, ವೀರು, ಅಬ್ಬಿ, ಸತ್ತವರ ಕಲ್ಲುಗುಡಿ ಎಲ್ಲೆಲ್ಲಿವೆ ಎಂದು ನೂರಾರು ಹೆಸರುಗಳ ಒಂದು ನಕ್ಷೆ ಮಾಡಿದರು. ಕಾಡಿನ ಇಲಾಖೆಯ ನಕ್ಷೆಯಲ್ಲಿ ರೇಂಜು, ಬೀಟು, ಕಂಪಾರ್ಟ್‌ಮೆಂಟು ಇರುವ ಜಾಗದಲ್ಲಿ ಇದರಲ್ಲಿ ನಂಟರ ಹೆಸರುಗಳಿವೆ. 2011ರಲ್ಲಿ, ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೇ, ದೇಶದ ಹುಲಿ ಕಾಡೊಂದರೊಳಗೆ ಸಮುದಾಯ ಅರಣ್ಯ ಹಕ್ಕು ಪಡೆದವರಲ್ಲಿ ಅವರು ಮೊದಲಿಗರಾದರು. ಹಕ್ಕುಪತ್ರ ಬಂದ ಮೇಲೂ ಜೇನು, ಪಾಚಿ ತೆಗೆಯುವುದಕ್ಕೆ ಇಲಾಖೆಯ ಜೊತೆ ತಕರಾರು ನಿಂತಿಲ್ಲ, ಅದು ಬೇರೆ ಮಾತು. ಆ ನಕ್ಷೆಯಲ್ಲಿ ಯಾವ ಕುಲ ಎಲ್ಲಿ ಎಂಬುದಿದೆ, ಯಾವ ದೇವರಿಗೆ ಯಾರು ಪೂಜೆ ಮಾಡುತ್ತಾರೆ ಎಂಬುದಿದೆ. ಯಾವಾಗಿನಿಂದ ಎಂಬುದನ್ನು ಅವರು ಬರೆದಿಲ್ಲ.